ಕೂಸಿನ ಕಾಲಿನ ಹಸಿರು ದೀಪ

ನವೆಂಬರ್ 10, ಬೆಳಿಗ್ಗೆ

ದೀಪ ಇದೆ. ಕೂಸು ಇದೆ. ಉಸಿರು ಇದೆ. ಈಗ ಗಂಜಿ ಕುಡಿಯಬಹುದು.

ನಿನ್ನೆ ಹೆತ್ತಾಗಿನಿಂದ ಇದೇ ಕೆಲಸ. ಎಚ್ಚರವಾದ ಕೂಡಲೇ ಕೂಸಿನ ಎಡಗಾಲು ನೋಡುವುದು. ಪಾದದ ಮೇಲ್ಗಡೆ ಬಿಳಿ ಪಟ್ಟಿ, ಪಟ್ಟಿಯಲ್ಲಿ ಅಂಗಿ ಗುಂಡಿಗಿಂತ ತುಸು ದೊಡ್ಡದೊಂದು ಡಬ್ಬಿ, ಅದರಲ್ಲಿ ಹಸಿರು ದೀಪ. ಮಿನುಗುತ್ತದೆ, ಆರುತ್ತದೆ, ಮಿನುಗುತ್ತದೆ. ಆರಿದಾಗೆಲ್ಲ ಎದೆ ಧಸಕ್ ಅನ್ನುತ್ತದೆ. ಹುಚ್ಚು.

ನಿರ್ಮಲಾ ಸಿಸ್ಟರ್ ತಿಳಿಸಿ ಹೇಳಿದರು. ಇದು ಟ್ಯಾಗ್. ಪಟ್ಟಿ ಕತ್ತರಿಸಿದರೆ ಸೈರನ್ ಹೊಡೆದುಕೊಳ್ಳುತ್ತದೆ. ಕೂಸನ್ನು ವಾರ್ಡಿನ ಬಾಗಿಲು ದಾಟಿಸಿದರೂ ಹೊಡೆದುಕೊಳ್ಳುತ್ತದೆ, ಕೆಳಗೆ ಗೇಟು ತಾನಾಗಿ ಲಾಕ್. ಅವರ ಮೇಜಿನ ಸ್ಕ್ರೀನಿನಲ್ಲಿ ಒಂದೊಂದು ಕೂಸೂ ಒಂದೊಂದು ಹಸಿರು ಚುಕ್ಕೆ. ನನ್ನದರ ಪಕ್ಕದಲ್ಲಿ ‘ಬೇಬಿ ಆಫ್ ಶೈಲಶ್ರೀ’. ಎದ್ದು ಹೋಗಿ ನೋಡಿ ಬಂದೆ. ಹೊಲಿಗೆ ಎಳೆಯಿತು. ಎಳೆಯಲಿ.

ಈ ಪಟ್ಟಿಗಾಗಿಯೇ ಹಟ ಹಿಡಿದು ರೋಣಕ್ಕೆ ಬಂದದ್ದು. ನಮ್ಮ ಕೊಣ್ಣೂರಿಗೆ ನರಗುಂದ ಹತ್ತಿರ, ಅಲ್ಲೇನು ದವಾಖಾನೆಗೆ ಬರವೇ. ನಮ್ಮ ಮನೆಯವರು ಗೊಣಗಿದರು. ನಾನು ಕೇಳಲಿಲ್ಲ. ಮೊದಲನೆಯದು ಹೋದಮೇಲೆ ನನಗೆ ಯಾರೂ ಎದುರಾಡುವುದಿಲ್ಲ, ಅಷ್ಟು ಲಾಭ.

ಮೊದಲನೆಯದು ಹೋಯಿತು ಅಂತ ಅವರು ಹೇಳಿದ್ದು. ನಾನು ನೋಡಿಲ್ಲ. ಬೇರೆ ಊರಿನ ದೊಡ್ಡ ದವಾಖಾನೆ, ಬಿಪಿ ಏರಿ ನನಗೆ ಫಿಟ್ಸ್, ಎಚ್ಚರ ಬಂದಾಗ ತೊಟ್ಟಿಲು ಖಾಲಿ. ಅತ್ತೆ ಕೂಸನ್ನು ಒಯ್ದು ಹೊಳೆದಂಡೆಯಲ್ಲಿ ಮಣ್ಣು ಮಾಡಿ ಬಂದಿದ್ದರು. ಆಮೇಲೆ ಮಲಪ್ರಭೆ ತುಂಬಿ ಬಂದಳು, ದಂಡೆಯೇ ಉಳಿಯಲಿಲ್ಲ. ಎಲ್ಲಿ ಅಂತ ಕೇಳಿದರೆ ತೋರಿಸಲು ಜಾಗವೂ ಇಲ್ಲ. ಅದೂ ಹೆಣ್ಣು. ಇದೂ ಹೆಣ್ಣು.

ಇದರ ಮೇಲೆ ನಾನು ಏನೇನು ಯೋಚಿಸಿದ್ದೇನೆ ಅಂತ ಯಾರಿಗೂ ಹೇಳಿಲ್ಲ. ಇಲ್ಲೂ ಬರೆಯುವುದಿಲ್ಲ.

ನವೆಂಬರ್ 10, ಸಂಜೆ

ಜೀವ ಬಾಯಿಗೆ ಬಂದಿತ್ತು. ಸೈರನ್!

ಯಾವುದೋ ಕೂಸನ್ನು ಇಂಜೆಕ್ಷನ್‌ಗೆ ಒಯ್ಯುವಾಗ ಸಿಸ್ಟರ್ ಟ್ಯಾಗ್ ಆಫ್ ಮಾಡುವುದು ಮರೆತರಂತೆ. ಕಿವಿ ಹರಿಯುವಂಥ ಸದ್ದು. ವಾರ್ಡಿನ ಬಾಣಂತಿಯರೆಲ್ಲ ತಮ್ಮ ತಮ್ಮ ಕೂಸನ್ನು ಬಾಚಿಕೊಂಡರು. ನಾನು ಎಷ್ಟು ಬಿಗಿಯಾಗಿ ಅವಚಿಕೊಂಡೆನೆಂದರೆ ನನ್ನದು ಕಿರುಚಿ ಅತ್ತಿತು. ಕೆಳಗಿನಿಂದ ವಾಚ್‌ಮನ್ ಈಶಪ್ಪ ಲಾಠಿ ಹಿಡಿದು ಏದುಸಿರು ಬಿಡುತ್ತ ಬಂದ. ಆಮೇಲೆ ಅವನೇ ನಗುತ್ತ ನಿಂತು ಮಾತಾಡಿದ — ಮೊದಲೆಲ್ಲ ಹೋಗುವವರ ಬುಟ್ಟಿ, ಚೀಲ, ಗಂಟು ಬಿಚ್ಚಿಸಿ ನೋಡುತ್ತಿದ್ದನಂತೆ, ಜನ ಬೈಯುತ್ತಿದ್ದರಂತೆ. ಈಗ ಮಷೀನೇ ನೋಡಿಕೊಳ್ಳುತ್ತದೆ, ಆರಾಮ.

ನನಗೂ ಸದ್ದು ನಿಂತಮೇಲೆ ಒಂಥರಾ ಸಮಾಧಾನ. ಕೆಲಸ ಮಾಡುತ್ತದೆ ಅಂತಾಯಿತಲ್ಲ.

ಪಕ್ಕದ ಹಾಸಿಗೆಯ ನಾಹೀದ ಇನ್ನೂ ಕೂಸನ್ನು ಕೆಳಗೆ ಬಿಟ್ಟಿರಲಿಲ್ಲ. ಗಜೇಂದ್ರಗಡದವಳು, ಚೊಚ್ಚಲು, ಗಂಡು. ಅವಳ ಅತ್ತೆ ಬಿಸ್ಮಿಲ್ಲಾ ಬೆನ್ನು ಸವರುತ್ತಿದ್ದರು. “ಕಳ್ಳ ಬಂದ್ರ ಇದರ ಸಪ್ಪಳಕ್ಕ ಎದಿ ಒಡದ ಸಾಯ್ತಾನ ಬಿಡ,” ಅಂದರು. ವಾರ್ಡೆಲ್ಲ ನಕ್ಕಿತು. ಬಾಯಿ ಗಟ್ಟಿ ಹೆಂಗಸು, ಕೈತುಂಬ ಹಸಿರು ಬಳೆ. ಐದು ಹೆತ್ತಿದ್ದಾರಂತೆ, ಐದೂ ಉಳಿದಿವೆಯಂತೆ. ಅದನ್ನು ಕೇಳಿದ್ದೇ ನಮ್ಮ ಅತ್ತೆಯ ಕಣ್ಣು ಅರಳಿತು. ತಮ್ಮ ಸ್ಟೂಲು ಎಳೆದುಕೊಂಡು ಆಕೆಯ ಹತ್ತಿರ ಹೋಗಿ ಕೂತರು.

ನವೆಂಬರ್ 11

ಕೂಸಿನ ಕಣ್ಣು ಹಳದಿ. ಕಾಮಾಲೆ. ದಿನಾ ಕೆಲ ಹೊತ್ತು ನೀಲಿ ಲೈಟಿನ ಕೆಳಗೆ ಇಡಬೇಕು, ಮನೆಗೆ ಬಿಡುವುದು ಮುಂದಕ್ಕೆ ಹೋಯಿತು. ಎಲ್ಲ ಕೂಸುಗಳಿಗೂ ಆಗುತ್ತದೆ ಅಂದರು ಡಾಕ್ಟರು. ಮೊದಲನೆಯದರ ಹೊತ್ತಿಗೆ ನನ್ನ ಬಿಪಿಗೂ ಹೀಗೇ ಅಂದಿದ್ದರು.

ಅತ್ತೆಯ ಮುಖ ಬಿದ್ದುಹೋಗಿದೆ. ನನಗಿಂತ ಹೆಚ್ಚು. ಐದನೆಯ ದಿನಕ್ಕೆ ಮನೆಯಲ್ಲಿ ಇರಬೇಕಿತ್ತು, ಐದನೆಯ ದಿನಕ್ಕೆ ಮನೆಯಲ್ಲಿ ಇರಬೇಕಿತ್ತು ಅಂತ ಒಂದೇ ಜಪ. ಐದನೆಯ ದಿನ ಸಂಜೆ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳಲ್ಲ, ಅದರ ಚಿಂತೆ. ದವಾಖಾನೆಗೂ ದಾರಿ ಗೊತ್ತಿರುತ್ತದೆ ಬಿಡ್ರಿ ಆಕೆಗೆ, ಅಂದೆ. ತಮಾಷೆಗೆ ಅಂದದ್ದು. ಅತ್ತೆ ನಗಲಿಲ್ಲ.

ಇನ್ನೊಂದು. ಸಿಸ್ಟರ್ ಬೇಡವೆಂದರೂ ಅತ್ತೆ ಪರದೆ ಎಳೆದು ಕೂಸಿಗೆ ಎಣ್ಣೆ ತಿಕ್ಕುತ್ತಾರೆ. ಕಾಲಿನ ಪಟ್ಟಿ ಜಾರುತ್ತಿದೆ, ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಗುತ್ತದೆ. ಕೂಸು ಮೊದಲ ದಿನಗಳಲ್ಲಿ ತೂಕ ಇಳಿಯುತ್ತದೆ, ಆಮೇಲೆ ಬಿಗಿ ಮಾಡುತ್ತೇನೆ ಅಂದರು ನಿರ್ಮಲಾ ಸಿಸ್ಟರ್. ಜಾರಿ ಬಿದ್ದರೆ ಸೈರನ್ ಆಗುತ್ತದೆಯೇ ಅಂತ ಕೇಳಿದೆ. “ಬೀಳಂಗಿಲ್ಲ ಬಿಡ್ರಿ ಅಕ್ಕಾರ,” ಅಂದು ಹೋದರು. ಆಗುತ್ತದೆ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ.

ಮಧ್ಯಾಹ್ನ ವಾಟ್ಸಾಪಿನಲ್ಲಿ ವೀಡಿಯೊ. ಗಜೇಂದ್ರಗಡದ ಕಡೆ ಕೂಸು ಕದಿಯುವ ಹೆಂಗಸರು ಬಂದಿದ್ದಾರೆ, ಎಲ್ಲರಿಗೂ ಶೇರ್ ಮಾಡಿ. ಮರದಡಿ ಇಬ್ಬರು ಹೆಂಗಸರನ್ನು ಕೂರಿಸಿ ಜನ ಸುತ್ತುಗಟ್ಟಿದ್ದರು. ಒಬ್ಬಳ ಬಾಯಲ್ಲಿ ರಕ್ತ. ಡಿಲೀಟ್ ಮಾಡಿದೆ. ಕಣ್ಣು ಮುಚ್ಚಿದರೂ ಕಾಣುತ್ತದೆ.

ನವೆಂಬರ್ 12

ಜಗಳ ಆಯಿತು. ನಾನೇ ಮಾಡಿದೆ.

ಕೂಸನ್ನು ಒಂದು ಗಳಿಗೆ ಹೊರಗೆ ಒಯ್ಯಬೇಕು ಅಂದರು ಅತ್ತೆ. ಎಲ್ಲಿಗೆ? ಇಲ್ಲೇ ಹಿಂದಿನ ಓಣಿಗೆ. ಯಾಕೆ? ಹೇಳಲಿಲ್ಲ. ಹೇಳಿದರೆ ಫಲ ಇರುವುದಿಲ್ಲ, ತಾಯಿಗೆ ಗೊತ್ತಾಗಬಾರದು ಅಂತ ಏನೋ ಬಡಬಡಿಸಿದರು. ನನಗೆ ಮೈಯೆಲ್ಲ ಉರಿ. ನನ್ನ ಹೆಣ ಹೋದಮೇಲೆ ಈ ಬಾಗಿಲಿನಿಂದ ಕೂಸು ಹೊರಗೆ ಹೋಗುತ್ತದೆ ಅಂದೆ. ಎಲ್ಲರಿಗೂ ಕೇಳಿಸುವಂತೆಯೇ ಅಂದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಬೈಯಬಹುದಿತ್ತು, ಬೈಯಲಿಲ್ಲ. ಅದೇ ನನಗೆ ಹೆದರಿಕೆ. ನಮ್ಮ ಅತ್ತೆ ರೇಣುಕವ್ವ ಅಂದರೆ ಕೊಣ್ಣೂರಿನಲ್ಲಿ ಒಂದಕ್ಕೆ ಎರಡು ತಿರುಗಿ ಕೊಡುವ ಹೆಂಗಸು.

ಸಂಜೆ ಕಾರಿಡಾರಿನ ಬೆಂಚಿನ ಮೇಲೆ ಅತ್ತೆ, ಬಿಸ್ಮಿಲ್ಲಾ. ತಲೆಗೆ ತಲೆ ಹಚ್ಚಿ ಪಿಸುಪಿಸು. ನಾನು ಬಾತ್‌ರೂಮಿಗೆ ಹೊರಟವಳು ನಿಂತುಬಿಟ್ಟೆ. ಮಾತು ಗಪ್ಪನೆ ನಿಂತಿತು.

ಬರೆಯುವುದಿಲ್ಲ ಅಂದಿದ್ದೆ. ಬರೆಯುತ್ತೇನೆ. ಮೊದಲ ಕೂಸು ಸತ್ತೇ ಇರಲಿಕ್ಕಿಲ್ಲ. ಹೆಣ್ಣು ಅಂತ ಯಾರಿಗೋ ಕೊಟ್ಟಿರಬಹುದು. ಹೊಳೆ ಬಂದದ್ದು ಅವರಿಗೆ ಅನುಕೂಲ ಆಯಿತು. ಎರಡು ವರ್ಷದಿಂದ ಇದು ನನ್ನ ಹೊಟ್ಟೆಯಲ್ಲಿದೆ. ಅತ್ತೆ ಊಟಕ್ಕೆ ಬಡಿಸುವಾಗ, ನನ್ನ ತಲೆ ಬಾಚುವಾಗ, ಆ ಕೈಗಳನ್ನೇ ನೋಡುತ್ತೇನೆ.

ದೀಪ ಇದೆ. ಕೂಸು ಇದೆ.

ನವೆಂಬರ್ 13, ಮಧ್ಯಾಹ್ನ 1

ಉಂಡು ಮಲಗಿಬಿಟ್ಟಿದ್ದೆ. ಎಷ್ಟೋ ದಿನದ ನಿದ್ದೆ ಒಮ್ಮೆಲೇ ಬಂತು. ಗಾಬರಿಯಾಗಿ ಎದ್ದು ತೊಟ್ಟಿಲು ನೋಡಿದೆ — ದುಪ್ಪಟಿ ಕಿವಿಯವರೆಗೆ ಹೊದಿಸಿದ್ದಾರೆ, ಕಾಲಿನ ಕಡೆ ಬಟ್ಟೆಯೊಳಗಿಂದ ಹಸಿರು ದೀಪ. ಮಿನುಗುತ್ತಿದೆ. ಮುಟ್ಟಲಿಲ್ಲ, ಎದ್ದರೆ ಮತ್ತೆ ಮಲಗುವುದಿಲ್ಲ. ಹಾಲಿಗೆ ಇನ್ನೂ ಹೊತ್ತಿದೆ.

ಅತ್ತೆ ಮಲಮೂತ್ರದ ಬಟ್ಟೆಯ ಬುಟ್ಟಿ ಹೊತ್ತು ಒಗೆಯಲು ಕೆಳಗೆ ಹೋಗಿದ್ದಾರೆ ಅಂದಳು ನಾಹೀದ.

ನಿನ್ನೆ ಬರೆದದ್ದನ್ನು ಓದಿ ನಾಚಿಕೆಯಾಯಿತು. ಬಾಣಂತಿ ತಲೆ. ಊರಲ್ಲಿ ನಾನು ಕೆಲಸ ಮಾಡುವ ಆನ್‌ಲೈನ್ ಸೆಂಟರಿಗೆ ಹೆಬ್ಬೆಟ್ಟು ಒತ್ತಲು ರೈತರು ಬರುತ್ತಾರೆ, ಮಣ್ಣಿನ ಕೆಲಸ ಮಾಡಿ ಹೆಬ್ಬೆಟ್ಟಿನ ಗೆರೆ ಸವೆದ ಮುದುಕರು. ಮಷೀನು ಒಪ್ಪುವುದಿಲ್ಲ. “ನಾನ ನಾನಲ್ಲೇನವಾ?” ಅಂತ ಕೇಳುತ್ತಾರೆ. ಮಷೀನು ಹೂಂ ಅನ್ನಬೇಕಲ್ಲ ಅಜ್ಜಾರ, ಅನ್ನುತ್ತೇನೆ. ಅಷ್ಟು ನಂಬುವವಳು ನಾನು. ಈಗ ಮಷೀನು ಹೂಂ ಅನ್ನುತ್ತಿದೆ, ನಾನು ಯಾಕೆ ಸಾಯಬೇಕು. ಮಿನುಗುತ್ತಿದೆ ನೋಡು. ಐದು ದಿನದಲ್ಲಿ ಮೊದಲ ಸಲ ಹೆದರಿಕೆ ಇಲ್ಲ. ಕೂಸು ಎದ್ದಮೇಲೆ ಎತ್ತಿಕೊಂಡು ಅತ್ತೆಗೆ ಒಂದು ಮಾತು ಹೇಳಬೇಕು, ನಿನ್ನೆ ಜೋರು ಮಾಡಿದ್ದು ತಪ್ಪಾಯಿತು ಅಂತ

ನವೆಂಬರ್ 13, 1.40

ಇಲ್ಲ.

ದುಪ್ಪಟಿಯೊಳಗೆ ಸುತ್ತಿದ ಟವೆಲ್ಲು. ಟವೆಲ್ಲಿಗೆ ಪಟ್ಟಿ. ಪಟ್ಟಿಗೆ ಎಣ್ಣೆ. ದೀಪ ಮಿನುಗುತ್ತಿದೆ. ಸ್ಕ್ರೀನಿನಲ್ಲಿ ನನ್ನ ಚುಕ್ಕೆ ಹಸಿರು.

ನಿರ್ಮಲಾ ಸಿಸ್ಟರ್ ಕೆಂಪು ಬಟನ್ ಒತ್ತಿದರು. ಎಲ್ಲ ಬಾಗಿಲು ಲಾಕ್. ನಾನು ಓಡಿದೆ, ಮೆಟ್ಟಿಲ ಹತ್ತಿರ ಬಿದ್ದೆ. ಹೊಲಿಗೆಯಿಂದ ರಕ್ತ. ಎತ್ತಿ ತಂದು ಕೂರಿಸಿದ್ದಾರೆ, ಆಯಾ ಭುಜ ಹಿಡಿದುಕೊಂಡಿದ್ದಾಳೆ. ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ. ಬರೆಯುತ್ತೇನೆ.

ಒಗೆಯುವ ಕಟ್ಟೆಯ ಹತ್ತಿರ ಅತ್ತೆ ಇಲ್ಲ. ಬಿಸ್ಮಿಲ್ಲಾನೂ ಇಲ್ಲ. ಈಶಪ್ಪನನ್ನು ಕೇಳಿದರೆ ಇಬ್ಬರೂ ಮುದುಕಿಯರು ಬುಟ್ಟಿ ಹೊತ್ತು ಹೊರಗೆ ಹೋದರಂತೆ. ಬುಟ್ಟಿ ನೋಡಲಿಲ್ಲವೇ? “ಮಷೀನು ಒದರಲಿಲ್ಲರಿ,” ಅಂದನಂತೆ.

ನಾಹೀದಳ ರಟ್ಟೆ ಹಿಡಿದು ಅಲುಗಿಸಿದೆ. ನಿಮ್ಮ ಅತ್ತೆ ಎಲ್ಲಿ, ನನ್ನ ಕೂಸು ಎಲ್ಲಿ. ಅವಳು ತನ್ನ ಕೂಸನ್ನು ಅವಚಿಕೊಂಡು ಅಳುತ್ತ ಅಂದಳು — “ನನಗೇನ ಗೊತ್ತಿಲ್ಲ ಅಕ್ಕಾ. ನಿಮ್ಮ ಅತ್ತಿ ಕೂಸನ್ನ ನಮ್ಮ ಅತ್ತಿಗೆ ಕೊಡತಾರಂತ. ಅಷ್ಟ ಕೇಳಿಸ್ಕೊಂಡೀನಿ.”

ಕೊಡುತ್ತಾರಂತೆ.

ಮುದುಕಿ ಮಾರಿಬಿಟ್ಟಳು. ಅದನ್ನೂ ಮಾರಿದಳು, ಇದನ್ನೂ ಮಾರಿದಳು. ಗಜೇಂದ್ರಗಡದ ಬಸ್ಸು ಹತ್ತಿ ಹೋಗಿರುತ್ತಾಳೆ ಆ ಬಿಸ್ಮಿಲ್ಲಾ. ಮನೆಯವರಿಗೆ ಫೋನು ಮಾಡಿದೆ, ಸವಡಿಯ ನಮ್ಮ ತವರಿಗೆ ಹೋಗಿದ್ದಾರೆ, ಹೊರಟೆ ಅಂದರು. ಪೊಲೀಸರಿಗೆ ಹೇಳಿದ್ದಾರಂತೆ. ಎದೆಯಲ್ಲಿ ಹಾಲು ಇಳಿಯುತ್ತಿದೆ, ರವಿಕೆ ತೊಯ್ದಿದೆ, ಕುಡಿಯುವ ಕೂಸು ಇಲ್ಲ. ಯವ್ವಾ ಎಲ್ಲಿದ್ದೀಯೇ. ನಾನು ಮಲಗಬಾರದಿತ್ತು. ದೀಪ ನೋಡಿದೆ, ಮುಖ ನೋಡಲಿಲ್ಲ. ದುಪ್ಪಟಿ ಎತ್ತಿ ಮುಖ ನೋಡಲಿಲ್ಲ. ಅದರ ಪಕ್ಕ ಕೂತು ಇಲ್ಲಿ ಹೆದರಿಕೆ ಇಲ್ಲ ಅಂತ ಬರೆಯುತ್ತಿದ್ದೆ.

ಕೆಳಗೆ ಗದ್ದಲ. ಗೇಟಿನ ಹೊರಗೆ. ಕಿಟಕಿಗೆ ಹೋಗಬೇಕು. ಬಿಡೇ ನನ್ನನ್ನ

ನವೆಂಬರ್ 13, ಸಂಜೆ

ಅಕ್ಷರ ನೆಟ್ಟಗೆ ಬರುವುದಿಲ್ಲ. ಆದರೂ ಎಲ್ಲ ಬರೆದಿಡುತ್ತೇನೆ.

ಕಿಟಕಿಯಿಂದ ಕಂಡಿದ್ದು. ಗೇಟಿನ ಹೊರಗೆ ಬಿಸ್ಮಿಲ್ಲಾ, ಒಬ್ಬಳೇ. ಎರಡೂ ಕೈಯಲ್ಲಿ ಮೊರ ಎತ್ತಿ ಹಿಡಿದಿದ್ದಾಳೆ, ಮೊರದಲ್ಲಿ ಬಿಳಿ ಬಟ್ಟೆ. ಒಳಗೆ ಬರಲು ಬಂದಿದ್ದಾಳೆ, ಗೇಟು ಲಾಕ್. ಒಳಗಿನವರಿಗೂ ತೆಗೆಯಲು ಬರುತ್ತಿಲ್ಲ, ಮಷೀನು ಕೂರಿಸಿದ ಕಂಪನಿಯವನು ಫೋನಿನಲ್ಲಿ ನಂಬರು ಹೇಳಬೇಕಂತೆ, ಫೋನು ಎತ್ತುತ್ತಿಲ್ಲ. ರಸ್ತೆಯ ಜನ ಸೇರಿದರು. ಆಗ ನಾನು ಕೂಗಿದೆ. ಕಿಟಕಿ ಸರಳು ಹಿಡಿದು, ಇದ್ದ ದನಿಯೆಲ್ಲ ಹಾಕಿ. “ಹಿಡೀರಿ ಆಕಿನ್ನ! ಕೂಸಿನ ಕಳ್ಳಿ ಆಕಿ!”

ಜನ ಮೊದಲು ಮೇಲೆ ನೋಡಿದರು. ಆಮೇಲೆ ಆಕೆಯ ಕಡೆ. ಒಬ್ಬ ರಟ್ಟೆಗೆ ಕೈ ಹಾಕಿದ. ಇನ್ನೊಬ್ಬ ಸೆರಗು ಎಳೆದ. ಮೊಬೈಲುಗಳು ಮೇಲೆದ್ದವು. ಆಕೆ ಮೊರವನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಳು. ಹೊಡೆತ ಬೆನ್ನಿಗೆ ಬಿತ್ತು. ಬಾಗಿದಳು, ಮೊರ ಬಾಗಲಿಲ್ಲ. ಮೊನ್ನೆಯ ವೀಡಿಯೊ ನನ್ನ ಕಣ್ಣ ಮುಂದೆಯೇ ನಡೆಯುತ್ತಿತ್ತು, ಮೊರ ಜಾರಿದರೆ ಕೆಳಗೆ ಡಾಂಬರು. ಬೇಡ ಬೇಡ ಅಂತ ಕೂಗಿದೆ. ಈಗ ನನ್ನ ದನಿ ಯಾರಿಗೂ ಕೇಳಿಸುತ್ತಿಲ್ಲ.

ಓಣಿಯ ಕಡೆಯಿಂದ ಅತ್ತೆ ಓಡಿ ಬಂದರು. ಅರವತ್ತು ದಾಟಿದ, ಮಂಡಿ ನೋವಿನ ಹೆಂಗಸು. ಉಡಿಯಲ್ಲಿ ಏನೋ ಕಟ್ಟಿಕೊಂಡಿದ್ದರು. ಜನರ ಬಗಲಲ್ಲಿ ನುಗ್ಗಿ ಬಿಸ್ಮಿಲ್ಲಾನ ಮುಂದೆ ಕೈ ಅಗಲಿಸಿ ನಿಂತರು.

“ಮುಟ್ಟಬ್ಯಾಡ್ರೋ! ಕೂಸು ಆಕಿದು. ನಾವು ಇನ್ನಾ ಕೊಂಡಿಲ್ಲ.”

ಉಡಿ ಬಿಚ್ಚಿ ತೋರಿಸಿದರು. ತವಡು. ಎಮ್ಮೆಗೆ ಹಾಕುವ ತವಡು.

ಗದ್ದಲ ಅಲ್ಲೇ ತಣ್ಣಗಾಯಿತು. ಗುಂಪಿನಲ್ಲಿ ರುಮಾಲಿನ ಮುದುಕರೊಬ್ಬರು ‘ಅಯ್ಯ ಶಿವನೇ, ತಿಪ್ಪಿ ಕೂಸು’ ಅಂದರು. ಅದು ಸಾಕಾಯಿತು. ರಟ್ಟೆ ಹಿಡಿದವನು ಕೈ ಬಿಟ್ಟ. ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನಗೂ ಆಗ ಹೊಳೆಯಿತು, ಮೊದಲೇ ಹೊಳೆಯಬೇಕಿತ್ತು. ನಮ್ಮೂರಲ್ಲೇ ತಿಪ್ಪಣ್ಣ ಇದ್ದಾನೆ, ತಿಪ್ಪವ್ವ ಇದ್ದಾಳೆ. ಹುಟ್ಟಿದ್ದು ಉಳಿಯದ ಮನೆಯವರು ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಬಿಟ್ಟು ತಿರುಗಿ ನೋಡದೆ ಬರುತ್ತಾರೆ. ಹೆತ್ತದ್ದೆಲ್ಲ ಉಳಿದ ಹೆಂಗಸು, ಬೇರೆಯವಳು, ಎತ್ತಿಕೊಳ್ಳುತ್ತಾಳೆ. ಅಲ್ಲಿಗೆ ಕೂಸು ಅವಳದು. ಆಮೇಲೆ ತವಡು ಕೊಟ್ಟು ಕೊಳ್ಳಬೇಕು. ಕಿಮ್ಮತ್ತಿಲ್ಲದ ಕೂಸು, ಯಾರದೋ ಕೂಸು ಅಂತ ಸಾವು ಬಿಟ್ಟು ಹೋಗುತ್ತದಂತೆ. ಶೆಟಿಗೆವ್ವ ಬರೆಯಲು ಬರುವುದರೊಳಗೆ ಇದೆಲ್ಲ ಆಗಬೇಕು. ಮನೆಯಲ್ಲಾದರೆ ಸುಲಭವಿತ್ತು. ಕಾಮಾಲೆ ಬಂತು, ಇಲ್ಲೇ ಉಳಿದೆವು, ನಾನು ಬಾಗಿಲು ದಾಟಿಸಲು ಬಿಡಲಿಲ್ಲ. ದವಾಖಾನೆಯ ಹಿಂದೆ ಎಮ್ಮೆ ಕಟ್ಟುವವರ ತಿಪ್ಪೆಯಿದೆ, ಮೊರವೂ ಅವರದೇ. ಹೆತ್ತ ಮನೆಯವರು ಜೊತೆಗೆ ಬರಬಾರದು ಅಂತ ಅತ್ತೆ ತವಡು ಕೇಳಲು ಬೇರೆ ದಾರಿಯಿಂದ ಹೋಗಿದ್ದರು. ಅದಕ್ಕೇ ಬಿಸ್ಮಿಲ್ಲಾ ಒಬ್ಬರೇ ಇದ್ದದ್ದು.

ಕೊನೆಗೂ ಆ ಕಂಪನಿಯವನು ಫೋನು ಎತ್ತಿದ. ಗೇಟು ತೆರೆಯಿತು. ನಾನು ಆಯಾಳ ಹೆಗಲು ಹಿಡಿದು ಮೆಟ್ಟಿಲು ಇಳಿದೆ. ಬಿಸ್ಮಿಲ್ಲಾ ಗೇಟಿನ ಒಳಗೆ ನಿಂತಿದ್ದರು. ಮುಂಗೈಯಲ್ಲಿ ಒಡೆದ ಬಳೆಯ ಗಾಯ, ರಕ್ತ ಇಳಿದು ಮೊರದ ಅಂಚಿಗೆ ಹತ್ತಿತ್ತು. ಕೂಸು ಮಲಗಿತ್ತು! ಅಷ್ಟೆಲ್ಲ ಆದರೂ. ಬಾಚಿಕೊಳ್ಳಲು ಕೈ ಚಾಚಿದೆ. ಅವರು ಮೊರ ಹಿಂದಕ್ಕೆ ಎಳೆದುಕೊಂಡರು.

“ಏನ ಕೊಡ್ತಿ?” ಅಂದರು.

ನನ್ನ ಮುಖ ನೋಡಲಿಲ್ಲ. ಕೇಳಲೇಬೇಕಾದ ಮಾತು ಅದು, ಕೇಳದಿದ್ದರೆ ಪೂರಾ ಆಗುವುದಿಲ್ಲ. ಅತ್ತೆ ನನ್ನ ಸೆರಗಿಗೆ ತವಡು ಸುರಿದರು. ನಾನು ಸೆರಗೊಡ್ಡಿ ನಿಂತೆ, ಇಡೀ ರೋಣ ನೋಡುತ್ತಿತ್ತು. ತವಡು ಕೊಡ್ತೀನ್ರಿ, ಅಂದೆ. ಮತ್ತೊಮ್ಮೆ ಅಂದೆ. ಅವರು ಗಾಯದ ಕೈಯಲ್ಲೇ ಒಂದು ಹಿಡಿ ತೆಗೆದುಕೊಂಡು ತಮ್ಮ ಸೆರಗಿಗೆ ಹಾಕಿಕೊಂಡು ಕೂಸನ್ನು ಕೊಟ್ಟರು. ಕಾಲಿಗೆ ಬೀಳಲು ಬಾಗಿದೆ, ಹೊಲಿಗೆ ಬಿಡಲಿಲ್ಲ. ಅಷ್ಟರಲ್ಲಿ ಅವರು ಮೆಟ್ಟಿಲು ಹತ್ತಿ ಹೋಗಿದ್ದರು.

ಪಕ್ಕದ ಹಾಸಿಗೆಯ ಪರದೆ ಆಗಿನಿಂದ ಮುಚ್ಚೇ ಇದೆ. ಒಳಗೆ ನಾಹೀದ ಬಿಕ್ಕುವುದು ಕೇಳಿಸುತ್ತದೆ. ಎರಡು ಸಲ ಎದ್ದು ಪರದೆಯ ಹತ್ತಿರ ಹೋಗಿ ನಿಂತೆ. ವಾಪಸ್ ಬಂದೆ. ಗುಂಪಿನವರು ತೆಗೆದ ವೀಡಿಯೊ ಯಾರ ಯಾರ ಫೋನಿನಲ್ಲಿದೆಯೋ. ಅದರಲ್ಲಿ ಕಳ್ಳಿ ಅನ್ನುವ ದನಿ ನನ್ನದು.

ನಮ್ಮ ಮನೆಯವರು ಬಂದು ಕೆಳಗೆ ಕೂತಿದ್ದಾರೆ, ಪೊಲೀಸರು ಬಂದು ಹೋದರು. ಡಾಕ್ಟರು ಎಲ್ಲರನ್ನೂ ಬೈದರು. ಈಶಪ್ಪ ಮತ್ತೆ ಗಂಟು ಬಿಚ್ಚಿಸಿ ನೋಡುತ್ತಿದ್ದಾನೆ. ನಿರ್ಮಲಾ ಸಿಸ್ಟರ್ ಕೂಸಿನ ಕಾಲಿನ ಎಣ್ಣೆ ಒರೆಸಿ ಪಟ್ಟಿ ಬಿಗಿ ಮಾಡಿದರು, ಕಣ್ಣಲ್ಲಿ ನೀರು ತುಂಬಿಕೊಂಡು.

ಆಮೇಲೆ ಅತ್ತೆಯನ್ನು ಕೇಳಿದೆ. ಎರಡು ವರ್ಷದಿಂದ ಕೇಳದೆ ಇದ್ದದ್ದನ್ನು. ಅತ್ತೀ, ಮೊದಲನೆಯದು ಖರೇನೇ ಸತ್ತಿತ್ತೇನು?

ಬೈಯುತ್ತಾರೆ ಅಂದುಕೊಂಡೆ.

“ನಿನಗ ತೋರಸಬೇಕಿತ್ತು ನಾ,” ಅಂದರು. “ನೀನೂ ಹೋಗಿಬಿಡ್ತಿ ಅಂತ ಹೆದರಿದೆ. ನಿನ್ನಂಗ ಇತ್ತು. ಗದ್ದಕ್ಕ ಕುಣಿ ಇತ್ತು. ಕೊಣ್ಣೂರತನ ಉಡ್ಯಾಗ ಇಟಗೊಂಡು ಬಂದೆ, ಬೆಚ್ಚಗಾದೀತೇನೋ ಅಂತ. ಆಗಲಿಲ್ಲ. ಈ ಕೈಯಿಂದ ಮಣ್ಣು ಎಳದೀನಿ ಶೈಲಾ. ಇನ್ನೊಂದ ಸಲ ಎಳಿಯಾಕ ನನ್ನ ಕೈಲಿ ಆಗಾಂಗಿಲ್ಲ.”

ಇಬ್ಬರೂ ಅತ್ತೆವು. ಗದ್ದಕ್ಕೆ ಕುಳಿ ಇತ್ತಂತೆ. ಈಗ ಅದಕ್ಕೊಂದು ಮುಖ ಬಂತು. ಸತ್ತಿದೆ ಅಂತ ಇವತ್ತು ಗೊತ್ತಾಯಿತು ನನಗೆ.

ದೀಪ ಹಚ್ಚುವ ಹೊತ್ತು. ಅದೇ ಮೊರವನ್ನು ತೊಳೆದು ಕೂಸಿನ ತಲೆದಿಂಬಿಗೆ ಇಟ್ಟಿದ್ದಾರೆ. ಅರಿಶಿನ, ಕುಂಕುಮ, ಎಲೆ, ಅಡಿಕೆ. ಎಣ್ಣೆದೀಪ ಮಾತ್ರ ಕೂಡದು, ಇಲ್ಲಿ ಆಕ್ಸಿಜನ್ ಇದೆ ಅಂದರು ಸಿಸ್ಟರ್. ಅತ್ತೆ ಚಡಪಡಿಸಿದರು, ಆಮೇಲೆ ದುಪ್ಪಟಿ ಸರಿಸಿ ಕಾಲು ಹೊರಗೆ ತೆಗೆದರು. “ಐತಲ್ಲ ಇಲ್ಲೇ,” ಅಂದರು. ಮಿನುಗುತ್ತದೆ, ಆರುತ್ತದೆ. ನಾನು ಅದನ್ನು ನೋಡುತ್ತಿಲ್ಲ. ಮುಖ ನೋಡುತ್ತಿದ್ದೇನೆ. ಹಳದಿ ಇನ್ನೂ ಇದೆ. ಹೆದರಿಕೆ ಇನ್ನೂ ಇದೆ. ಇವತ್ತು ಬರೆಯುವವಳು ಏನು ಬರೆಯುತ್ತಾಳೋ, ಪಕ್ಕದ ಪರದೆಯ ಹಿಂದಿನವರು ಬಾಯ್ತುಂಬ ಹರಸಿದರೆ ಒಳ್ಳೆಯದು ಬರೆದಾಳು. ಹರಸುತ್ತಾರೆಯೇ. ನಾನಾಗಿದ್ದರೆ

ಅತ್ತೆ ಕೈ ಚಾಚಿ ನಿಂತಿದ್ದಾರೆ. ಶೆಟಿಗೆವ್ವನಿಗೆ ಖಾಲಿ ಹಾಳೆ, ಪೆನ್ನು ಇಡಬೇಕು. ಇರುವುದು ಇದೊಂದೇ ಪೆನ್ನು. ಈ ಪುಟದ ಉಳಿದ ಭಾಗ ಖಾಲಿ ಬಿಟ್ಟು